ಎಂಟು ತಾಸು ಇಟ್ಟರೂ ಮಾಂಸ ಹಗ್ಗದ ಹಾಗೆ: ತಪ್ಪು ಸ್ಲೋ ಕುಕ್ಕರಿನದ್ದಾ?

ಪ್ರಶ್ನೆ: ಅಕ್ಕಾ, ನಾವು ಗದಗ-ಬೆಟಗೇರಿಯವರು. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ದುಬೈಯಿಂದ ಬಂದ ನಾದಿನಿ ಒಂದು ಸ್ಲೋ ಕುಕ್ಕರ್, ಅಂದರೆ ಕರೆಂಟಿನಲ್ಲಿ ತಾಸುಗಟ್ಟಲೆ ಮೆಲ್ಲಗೆ ಬೇಯಿಸುವ ಪಾತ್ರೆ, ಕೊಟ್ಟಿದ್ದಾಳೆ. ಮೂರೂವರೆ ಲೀಟರಿನದ್ದು, ಹಿಂದೆ 200 ವ್ಯಾಟ್ ಅಂತ ಬರೆದಿದೆ. ವಿಡಿಯೋ ನೋಡಿ ಬೀಫ್ ಸ್ಟ್ಯೂ ಮಾಡಿದೆ. ಎಲುಬು, ಕೊಬ್ಬು ಏನೂ ಇಲ್ಲದ ಒಳ್ಳೆಯ ಮಾಂಸ ಎರಡು ಕಿಲೋ, ಮೂರು ಗ್ಲಾಸ್ ನೀರು, ಮಸಾಲೆ, ಎಲ್ಲಾ ಒಟ್ಟಿಗೆ ಹಾಕಿ ಬೆಳಗ್ಗೆ ಲೋ ಮೇಲೆ ಇಟ್ಟು ಹೋದೆ. ಎಂಟು ತಾಸು ಸಾಕು ಅಂದಿದ್ದರು. ಸಂಜೆ ಬಂದು ನೋಡಿದರೆ ಮೇಲೆಲ್ಲಾ ನೀರು, ಕೆಳಗೆ ಮಾಂಸ ಹಗ್ಗದ ಹಾಗೆ, ಸಾರಿಗೆ ರುಚಿಯೇ ಇಲ್ಲ. ಅತ್ತೆ "ಕುಕ್ಕರಿನಲ್ಲಿ ಹತ್ತು ಸೀಟಿ ಹೊಡೆಸಿದ್ದರೆ ಮುಗಿದೇ ಹೋಗುತ್ತಿತ್ತು" ಅಂದರು. ಪಪ್ಪಾಯಿ ಕಾಯಿ ಹಾಕಬೇಕಿತ್ತಾ? ಪಾತ್ರೆಯೇ ಕೆಟ್ಟಿದೆಯಾ?

ಉತ್ತರ:

ತಂಗಿ, ಪಾತ್ರೆ ಕೆಟ್ಟಿರಲಿಕ್ಕಿಲ್ಲ. ಆದರೂ ಒಂದು ಸಲ ಪರೀಕ್ಷೆ ಮಾಡಿ ನೋಡೋಣ, ಹೇಗೆ ಅಂತ ಮುಂದೆ ಹೇಳುತ್ತೇನೆ. ಪಪ್ಪಾಯಿ ಕಾಯಿ ಮಾತ್ರ ಹಾಕಬೇಡಿ, ಅದರ ಕಥೆಯೂ ಇದೆ. ಮೊದಲು ದೊಡ್ಡ ವಿಷಯಕ್ಕೆ ಬರುತ್ತೇನೆ. ನೀವು ನೋಡಿದ ಅಡುಗೆ ಎಳೆ ದನದ ಮಾಂಸದ್ದು. ನಿಮ್ಮ ಪಾತ್ರೆಯಲ್ಲಿ ಇದ್ದದ್ದು ಮುದಿ ಎಮ್ಮೆ.

ಅಮೆರಿಕದ ಕಡೆ ಮಾಂಸಕ್ಕೆ ಅಂತಲೇ ಸಾಕುವ ದನಕ್ಕೆ ಕಾಳು ತಿನ್ನಿಸಿ, ಕೊಬ್ಬಿಸಿ, ಒಂದೂವರೆ-ಎರಡು ವರ್ಷಕ್ಕೆಲ್ಲಾ ಕಡಿಯುತ್ತಾರೆ. ನಮ್ಮಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ಆಕಳು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ, ಎಮ್ಮೆ-ಕೋಣ ಆದರೂ ಹದಿಮೂರು ವರ್ಷ ದಾಟಿರಬೇಕು. ಅಂದರೆ ಅಂಗಡಿಯಲ್ಲಿ ಕಾನೂನು ಪ್ರಕಾರ ಸಿಗುವ ದೊಡ್ಡ ಮಾಂಸ ಅಂದರೆ ಐದಾರು ಸಲ ಈದು ಹಾಲು ಬತ್ತಿದ ಎಮ್ಮೆಯದ್ದು, ಇಲ್ಲಾ ದುಡಿದು ದಣಿದ ಕೋಣದ್ದು. ಆ ಕಾಲುಗಳು ಹದಿಮೂರು ವರ್ಷ ನಡೆದಿವೆ. ಎರಡು ವರ್ಷದ ದನಕ್ಕೆ ಬರೆದ ಎಂಟು ತಾಸು ಇದಕ್ಕೆ ಹೇಗೆ ಸಾಕಾಗುತ್ತದೆ, ಹೇಳಿ?

ಗುರುತು ಹಿಡಿಯುವುದು ಸುಲಭ. ಎಮ್ಮೆ ಮಾಂಸದ ಬಣ್ಣ ಕಪ್ಪುಗೆಂಪು, ಎಳೆ ದಪ್ಪ, ಕೊಬ್ಬು ಬೆಳ್ಳಗೆ. ಆಕಳ ತುಪ್ಪ ಹಳದಿ, ಎಮ್ಮೆ ತುಪ್ಪ ಬಿಳಿ ಇರುತ್ತದಲ್ಲ, ಕೊಬ್ಬಿನಲ್ಲೂ ಅದೇ ಲೆಕ್ಕ. ಮೇವಿನಲ್ಲಿರುವ ಹಳದಿ ಬಣ್ಣದ ಅಂಶವನ್ನು ಎಮ್ಮೆ ಎ ವಿಟಮಿನ್ ಮಾಡಿಕೊಂಡುಬಿಡುತ್ತದೆ, ಕೊಬ್ಬಿಗೆ ಬಿಡುವುದಿಲ್ಲ. ಇನ್ನೊಂದು ವಿಷಯ, ಎಮ್ಮೆಯ ಮಾಂಸದ ಎಳೆಗಳ ನಡುವೆ ಕೊಬ್ಬು ಬಹಳ ಕಡಿಮೆ. ಅದಕ್ಕೇ ಬೇಗ ಒಣಗುತ್ತದೆ.

ಈಗ ಪಾತ್ರೆಯೊಳಗೆ ಏನು ನಡೆಯುತ್ತದೆ ನೋಡೋಣ. ಇಷ್ಟು ಗೊತ್ತಿದ್ದರೆ ಮುಂದೆ ಯಾವ ರೆಸಿಪಿಯೂ ಬೇಡ. ಮಾಂಸದೊಳಗಿನ ಬಿಳಿ ನರ, ಪೊರೆ ಇವೆಯಲ್ಲ, ಅದರಲ್ಲಿ ಇರುವುದು ಕೊಲಾಜೆನ್. 60-65 ಡಿಗ್ರಿ ಹತ್ತಿರ ಬಂದಾಗ ಇದು ಮುದುಡಿಕೊಳ್ಳುತ್ತದೆ. ಮುದುಡುವಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಮಾಂಸದ ರಸವನ್ನು ಹೊರಗೆ ಹಾಕುತ್ತದೆ. ಆ ಹೊತ್ತಿಗೆ ಮಾಂಸ ಹಸಿ ಇದ್ದದ್ದಕ್ಕಿಂತ ಗಟ್ಟಿ ಆಗಿರುತ್ತದೆ. ಮೂರು ತಾಸಾದ ಮೇಲೆ ಮುಚ್ಚಳ ತೆಗೆದು ಒಂದು ತುಂಡು ಕಚ್ಚಿ ನೋಡಿ "ಅಯ್ಯೋ ಗಟ್ಟಿ ಆಯಿತು" ಅಂತ ಗಾಬರಿ ಬೀಳುವವರು ಬಹಳ ಜನ. ಗಟ್ಟಿ ಆಗಲೇಬೇಕು. 70 ದಾಟಿದ ಮೇಲೆ ಅದೇ ಕೊಲಾಜೆನ್ ನಿಧಾನಕ್ಕೆ ಕರಗಿ ಅಂಟಿನ ಹಾಗೆ ಜೆಲಟಿನ್ ಆಗುತ್ತದೆ, 80-90ರಲ್ಲಿ ಇನ್ನಷ್ಟು ಬೇಗ. ಎಳೆಗಳ ನಡುವೆ ಆ ಅಂಟು ತುಂಬಿಕೊಂಡರೆ ನಾಲಿಗೆಗೆ ಮಾಂಸ ಮೆತ್ತಗೆ, ರಸಭರಿತ ಅನಿಸುತ್ತದೆ. ನಿಜ ಹೇಳಬೇಕು ಅಂದರೆ ಅಷ್ಟೊತ್ತಿಗೆ ಮಾಂಸದ ಸ್ವಂತ ರಸ ಅರ್ಧ ಹೊರಗೆ ಹೋಗಿರುತ್ತದೆ, ನಾವು ಮೆಚ್ಚುವುದು ಈ ಅಂಟನ್ನು. ವಯಸ್ಸಾದ ಪ್ರಾಣಿಯಲ್ಲಿ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಅದಕ್ಕೇ ಕರಗಲು ಜಾಸ್ತಿ ಹೊತ್ತು ಬೇಕು.

ಹಾಗಾದರೆ ನಿಮ್ಮದು ಬೇಯದೇ ಗಟ್ಟಿ ಆಗಿತ್ತಾ, ಬೆಂದೂ ಒಣಗಿತ್ತಾ? ಎರಡೂ ಬೇರೆ ಬೇರೆ. ಒಂದು ತುಂಡು ತೆಗೆದುಕೊಂಡು ಎರಡು ಬೆರಳಲ್ಲಿ ಅಗಲಿಸಿ ನೋಡಿ. ರಬ್ಬರಿನ ಹಾಗೆ ಜಗ್ಗಿ ವಾಪಸ್ ಬಂದರೆ ಬೆಂದಿಲ್ಲ, ಇನ್ನೂ ಎರಡು-ಮೂರು ತಾಸು ಇಡಿ. ಎಳೆ ಎಳೆಯಾಗಿ ಸುಲಭವಾಗಿ ಬಿಟ್ಟುಕೊಂಡು, ಆದರೆ ಬಾಯಲ್ಲಿ ಸೆಣಬಿನ ನಾರು ಅಗಿದ ಹಾಗೆ ಆದರೆ ಬೆಂದಿದೆ, ಒಳಗೆ ಕರಗಲು ಕೊಲಾಜೆನ್ ಇರಲಿಲ್ಲ. ನೀವು "ಹಗ್ಗದ ಹಾಗೆ" ಅಂದಿದ್ದೀರಿ, "ಎಲುಬು ಕೊಬ್ಬು ಏನೂ ಇಲ್ಲದ ಒಳ್ಳೆಯ ಮಾಂಸ" ಅಂದಿದ್ದೀರಿ. ಅಲ್ಲೇ ಸಿಕ್ಕಿಬಿತ್ತು. ಹಿಂದೊಡೆಯ ಸ್ವಚ್ಛ ಮಾಂಸ ನೋಡಲು ಚಂದ, ಖೀಮಾಕ್ಕೆ ಚಂದ, ಸ್ಲೋ ಕುಕ್ಕರಿಗೆ ಅದರಷ್ಟು ಕೆಟ್ಟ ಆಯ್ಕೆ ಇನ್ನೊಂದಿಲ್ಲ.

ನಾನು ಹಳೇ ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಮದುವೆ ಅಡುಗೆ ಗುತ್ತಿಗೆ ಹಿಡಿದವಳು. ಮಾಂಸದ ಅಂಗಡಿಯಲ್ಲಿ ಒಂದು ಮಾತು ಕಲಿತಿದ್ದೇನೆ. ಅಂಗಡಿಯವರು ಹೊಸ ಗಿರಾಕಿಗೆ ಮೊದಲು ತೋರಿಸುವುದೇ ತೊಡೆಯ ಗಟ್ಟಿ ತುಂಡು, ಕೆಂಪಗೆ ಹೊಳೆಯುತ್ತಿರುತ್ತದೆ. "ಇದು ಬೇಡ ಭಾಯಿ, ಕಾಲಿನದು ಕೊಡಿ" ಅಂದರೆ ಮುಖ ನೋಡುತ್ತಾರೆ. ಮೊಣಕಾಲಿನ ಕೆಳಗೆ ಮೀನಖಂಡ ಇದೆಯಲ್ಲ, ಅದನ್ನೇ ಕೇಳಿ. ಅಡ್ಡ ಕತ್ತರಿಸಿದರೆ ಒಳಗೆ ಬಿಳಿ ನರ ಬಳ್ಳಿ ಹಬ್ಬಿದ ಹಾಗೆ ಕಾಣಬೇಕು, ಬೆರಳಿಟ್ಟರೆ ಅಂಟಬೇಕು. ಅದನ್ನು ನೋಡಿ ಜನ "ಬರೀ ನರ" ಅಂತ ಬಿಟ್ಟು ಹೋಗುತ್ತಾರೆ. ಬಿಡಲಿ ಬಿಡಿ, ನಮಗೆ ಒಳ್ಳೆಯದೇ. ಅದು ಸಿಗದಿದ್ದರೆ ಕುತ್ತಿಗೆ, ಎದೆಯ ಭಾಗ, ಹೆಗಲು ನಡೆಯುತ್ತದೆ. ಜೊತೆಗೆ ಒಂದು ನಲ್ಲಿ ಎಲುಬು, ಅಂದರೆ ಒಳಗೆ ಮಜ್ಜೆ ಇರುವ ಕಾಲಿನ ಎಲುಬು, ಮಚ್ಚಿನಲ್ಲಿ ಎರಡು ಹೋಳು ಮಾಡಿಸಿ. ತುಂಡು ದೊಡ್ಡದಿರಲಿ, ಲಿಂಬೆಹಣ್ಣಿಗಿಂತ ದೊಡ್ಡದು, ಸಣ್ಣ ಮೂಸಂಬಿಯಷ್ಟು. ಸಣ್ಣಗೆ ಹೆಚ್ಚಿಸಿಕೊಂಡು ಬಂದರೆ ಹತ್ತು ತಾಸಿನಲ್ಲಿ ಪುಡಿ ಪುಡಿ.

ಎರಡನೆಯದು ಅಳತೆ. ಮೂರೂವರೆ ಲೀಟರಿನ ಪಾತ್ರೆಗೆ ಎರಡು ಕಿಲೋ ಮಾಂಸ, ಮೂರು ಗ್ಲಾಸ್ ನೀರು, ಮೇಲೆ ಉಳ್ಳಾಗಡ್ಡಿ ಅಂದರೆ ಕಂಠಮಟ್ಟ ತುಂಬಿತು. 200 ವ್ಯಾಟ್ ಅಂದರೆ ಹಳೇ ಕಾಲದ ಎರಡು ದೊಡ್ಡ ಬಲ್ಬಿನಷ್ಟು ಶಕ್ತಿ. ಅದರಿಂದ ಅಷ್ಟು ರಾಶಿ ಕಾಯಬೇಕು ಅಂದರೆ ಅರ್ಧ ದಿನ ಕಾಯುವುದರಲ್ಲೇ ಹೋಗುತ್ತದೆ, ಬೇಯಲು ಹೊತ್ತು ಎಲ್ಲಿದೆ? ಪಾತ್ರೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ಇರಲಿ. ನಿಮ್ಮದಕ್ಕೆ ಒಂದು, ಹೆಚ್ಚೆಂದರೆ ಒಂದೂಕಾಲು ಕಿಲೋ.

ನೀರಿನ ಲೆಕ್ಕವೂ ಹಾಗೇ. ಗ್ಯಾಸ್ ಮೇಲೆ ಬೋಗುಣಿ ಇಟ್ಟರೆ ನೀರು ಆವಿಯಾಗಿ ಹೋಗುತ್ತದೆ. ಇಲ್ಲಿ ಹೋಗುವುದಿಲ್ಲ, ಮುಚ್ಚಳಕ್ಕೆ ತಾಗಿ ಹನಿಯಾಗಿ ವಾಪಸ್ ಬೀಳುತ್ತದೆ. ಒಂದು ಕಿಲೋ ಮಾಂಸ ತಾನೇ ಕಾಲು ಲೀಟರಿಗಿಂತ ಜಾಸ್ತಿ ರಸ ಬಿಡುತ್ತದೆ, ಉಳ್ಳಾಗಡ್ಡಿ ಬಿಡುವ ನೀರು ಬೇರೆ. ನೀವು ಮೂರು ಗ್ಲಾಸ್ ಸುರಿದಿದ್ದು ಆ ಎಲ್ಲದರ ಮೇಲೆ. ರುಚಿ ಇಲ್ಲ ಅಂದರೆ ಮತ್ತೇನು, ರುಚಿ ತೆಳ್ಳಗಾಗಿದೆ. ಕಿಲೋಗೆ ಒಂದು ಕಪ್ಪು ನೀರು ಸಾಕು, ತುಂಡುಗಳು ಮುಳುಗಲೇಬೇಕು ಅಂತೇನಿಲ್ಲ.

ಇನ್ನು ಪಾತ್ರೆಯ ಪರೀಕ್ಷೆ. ಅರ್ಧದಷ್ಟು ಸಾದಾ ನೀರು ತುಂಬಿ, ಮುಚ್ಚಿ, ಲೋ ಮೇಲೆ ಎಂಟು ತಾಸು ಬಿಡಿ. ಆಮೇಲೆ ಮುಚ್ಚಳ ತೆಗೆದ ತಕ್ಷಣ ಅಡುಗೆ ಥರ್ಮಾಮೀಟರ್ ಅದ್ದಿ ನೋಡಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇಟ್ಟುಕೊಳ್ಳಿ. 85ರಿಂದ 93 ಡಿಗ್ರಿ ಒಳಗಿದ್ದರೆ ಪಾತ್ರೆ ಸರಿ ಇದೆ. ಬಹಳ ಕಡಿಮೆ ಇದ್ದರೆ ಪಾತ್ರೆಯನ್ನು ಬೈಯುವ ಮೊದಲು ಮನೆಯ ವೋಲ್ಟೇಜ್ ನೋಡಿ. ಇದನ್ನು ನಾನು ಹಾವೇರಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಕಲಿತೆ. ಹುಬ್ಬಳ್ಳಿಯಲ್ಲಿ ಚಂದ ಆಗುತ್ತಿದ್ದ ಅದೇ ಪಾತ್ರೆ, ಅದೇ ಅಳತೆ, ಅಲ್ಲಿ ಎಂಟು ತಾಸಾದರೂ ಒಂದು ಗುಳ್ಳೆ ಎದ್ದಿರಲಿಲ್ಲ. ಮೇಲೆ ನೋಡಿದರೆ ಫ್ಯಾನು ಎಣಿಸುವ ಹಾಗೆ ತಿರುಗುತ್ತಿದೆ! 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿದರೆ ಬರುವ ಬಿಸಿ ನೂರಕ್ಕೆ ಅರವತ್ತೊಂದರಷ್ಟು ಮಾತ್ರ, ಯಾಕೆಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ನಿಮ್ಮ 200 ವ್ಯಾಟಿನ ಪಾತ್ರೆ 120 ವ್ಯಾಟಿನದ್ದಾಯಿತು. ಅಂಥ ಕಡೆ ಲೋ ಮರೆತುಬಿಡಿ, ಹೈ ಮೇಲೆಯೇ ಮಾಡಿ.

ಅಂದಹಾಗೆ ಲೋ ಅಂದರೆ ಕಡಿಮೆ ಬಿಸಿ, ಹೈ ಅಂದರೆ ಜಾಸ್ತಿ ಬಿಸಿ ಅಂತ ಎಲ್ಲರೂ ತಿಳಿದಿರುತ್ತಾರೆ. ಬಹಳಷ್ಟು ಪಾತ್ರೆಗಳಲ್ಲಿ ಎರಡೂ ಕೊನೆಗೆ ಹೋಗಿ ಮುಟ್ಟುವುದು ಕುದಿಯುವ ಹಂತದ ಆಸುಪಾಸಿಗೇ. ಹೈ ಬೇಗ ಮುಟ್ಟುತ್ತದೆ, ಲೋ ನಿಧಾನ. ಊರಿಗೆ ಹೋಗುವ ಪ್ಯಾಸೆಂಜರ್ ಗಾಡಿ, ಎಕ್ಸ್‌ಪ್ರೆಸ್ ಗಾಡಿ ಇದ್ದ ಹಾಗೆ, ಇಳಿಯುವ ಸ್ಟೇಷನ್ ಒಂದೇ.

ಪಪ್ಪಾಯಿ ಕಥೆ ಹೇಳುತ್ತೇನೆ ಅಂದಿದ್ದೆ. ಹೊಸದಾಗಿ ಸ್ಲೋ ಕುಕ್ಕರ್ ತಂದ ವರ್ಷ, ರಂಜಾನ್ ತಿಂಗಳು. ಕಬಾಬಿಗೆ ಹಚ್ಚುವ ಹಾಗೆ ಕಿಲೋಗೆ ಎರಡು ದೊಡ್ಡ ಚಮಚ ಹಸಿ ಪಪ್ಪಾಯಿ ಅರೆದು ಮಾಂಸಕ್ಕೆ ಹಚ್ಚಿ ಲೋ ಮೇಲೆ ಇಟ್ಟೆ. ಇಫ್ತಾರಿಗೆ ಹತ್ತು ಜನ ಕೂತಿದ್ದಾರೆ, ಮುಚ್ಚಳ ತೆಗೆದು ಸೌಟು ಹಾಕಿದರೆ ಮಾಂಸವೇ ಇಲ್ಲ! ಕಂದು ಬಣ್ಣದ ಗಂಜಿ, ನಡುವೆ ಎರಡು ಎಲುಬು. ಹಲೀಮ್ ಅಂತ ಹೇಳಿ ಬಡಿಸಿದೆ, ಯಾರೂ ನಂಬಲಿಲ್ಲ. ಆಮೇಲೆ ತಿಳಿಯಿತು, ಪಪ್ಪಾಯಿಯಲ್ಲಿರುವ, ಮಾಂಸ ಮೆತ್ತಗೆ ಮಾಡುವ ಪಪೇನ್ ಅನ್ನುವ ಅಂಶ ಬಹಳ ಚುರುಕಾಗಿ ಕೆಲಸ ಮಾಡುವುದೇ 60-70 ಡಿಗ್ರಿಯಲ್ಲಿ. ಹಂಚಿನ ಮೇಲೆ ಆ ಹಂತ ನಿಮಿಷದಲ್ಲಿ ದಾಟಿಹೋಗುತ್ತದೆ, ಇನ್ನೂ ಬಿಸಿಯಾದರೆ ಪಪೇನ್ ಸತ್ತುಹೋಗುತ್ತದೆ. ಸ್ಲೋ ಕುಕ್ಕರಿನಲ್ಲಿ ಆ ಹಂತ ದಾಟಲು ತಾಸುಗಟ್ಟಲೆ ಬೇಕು, ಅಷ್ಟೂ ಹೊತ್ತು ಅದು ಮಾಂಸವನ್ನು ತಿನ್ನುತ್ತಲೇ ಇರುತ್ತದೆ. ಅದೂ ಎಳೆಗಳನ್ನೇ ತಿನ್ನುತ್ತದೆ. ಅಡುಗೆ ಸೋಡಾ ಕೂಡ ಬೇಡ, ಸಾಬೂನಿನ ವಾಸನೆ ಬರುತ್ತದೆ. ಈ ಪಾತ್ರೆಗೆ ಬೇಕಾಗಿರುವ ಮಸಾಲೆ ಹೊತ್ತು ಒಂದೇ.

ರುಚಿಯ ವಿಷಯಕ್ಕೆ ಬರೋಣ. ಪಾತ್ರೆಯೊಳಗೆ ನೀರಿರುವ ತನಕ 100 ಡಿಗ್ರಿ ದಾಟುವುದಿಲ್ಲ. ಧಾರವಾಡ ಸಮುದ್ರ ಮಟ್ಟದಿಂದ 700 ಮೀಟರಿನ ಹತ್ತಿರ ಎತ್ತರದಲ್ಲಿದೆ, ನಮ್ಮ ಕಡೆ ನೀರು 97-98ಕ್ಕೇ ಕುದಿಯುತ್ತದೆ. ಮಾಂಸ ಕೆಂಪಗೆ ಹುರಿದಾಗ ಬರುವ ಘಮ ಹುಟ್ಟುವುದು 140ರ ಮೇಲೆ. ಅಂದರೆ ಆ ಘಮ ಸ್ಲೋ ಕುಕ್ಕರಿನೊಳಗೆ ಯಾವತ್ತೂ ಹುಟ್ಟುವುದಿಲ್ಲ, ಹೊರಗಿಂದ ಮಾಡಿ ಒಳಗೆ ಹಾಕಬೇಕು. "ಎಲ್ಲಾ ಹಾಕಿ ಬಟನ್ ಒತ್ತಿ" ಅನ್ನುವ ವಿಡಿಯೋಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಹದಿನೈದು ನಿಮಿಷ ಹಂಚಿನ ಮುಂದೆ ನಿಲ್ಲಲು ಆಗದಿದ್ದರೆ ಆ ದಿನ ಬೇಳೆ ಸಾರು ಮಾಡಿ.

ನಾನು ಮಾಡುವ ರೀತಿ ಹೇಳುತ್ತೇನೆ. ಹಿಂದಿನ ರಾತ್ರಿ ಒಂದು ಕಿಲೋ ಮೀನಖಂಡಕ್ಕೆ ಎರಡು ಸಣ್ಣ ಚಮಚ ಉಪ್ಪು, ಅರಿಶಿನ ಹಚ್ಚಿ ಫ್ರಿಜ್ಜಿನಲ್ಲಿಡಿ. ಉಪ್ಪು ಒಳಗೆ ಇಳಿಯಲು ರಾತ್ರಿ ಬೇಕು. ಹತ್ತು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತಂಬರಿ ಬೀಜ, ಅರ್ಧ ಚಮಚ ಕಾಳುಮೆಣಸು, ನಾಲ್ಕು ಲವಂಗ, ಒಂದು ತುಂಡು ಚಕ್ಕೆ, ಹಿಡಿ ಒಣಕೊಬ್ಬರಿ, ಇವನ್ನು ಬೇರೆ ಬೇರೆ ಹುರಿದು ರುಬ್ಬಿಟ್ಟುಕೊಳ್ಳಿ. ಮೆಣಸಿನಕಾಯಿ ಬ್ಯಾಡಗಿಯದ್ದೇ ಆಗಲಿ ಅನ್ನುವುದು ನಮ್ಮೂರ ಅಭಿಮಾನದ ಮಾತಷ್ಟೇ ಅಲ್ಲ, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದೂ ಸುಮ್ನೆ ಅಲ್ಲ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಸ್ಲೋ ಕುಕ್ಕರಿನಲ್ಲಿ ನೀರು ಆರುವುದಿಲ್ಲವಾದ್ದರಿಂದ ಸಾರು ಬಣ್ಣಗೆಟ್ಟ ಹಾಗೆ ಕಾಣುತ್ತದೆ, ಈ ಮೆಣಸಿನಕಾಯಿ ಇದ್ದರೆ ಹತ್ತು ತಾಸಾದ ಮೇಲೂ ಕೆಂಪಗೆ ಇರುತ್ತದೆ, ಜಾಸ್ತಿ ಹಾಕಿದರೂ ಬಾಯಿ ಸುಡುವುದಿಲ್ಲ.

ಬೆಳಗ್ಗೆ ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒದ್ದೆ ಇದ್ದರೆ ಹುರಿಯುವುದಿಲ್ಲ, ಬೇಯುತ್ತದೆ. ಕಬ್ಬಿಣದ ಹಂಚು ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ ಸವರಿ, ನಾಲ್ಕೈದೇ ತುಂಡು ಹಾಕಿ. ಮುಟ್ಟಬೇಡಿ. ಮೊದಲು ಅಂಟಿಕೊಳ್ಳುತ್ತದೆ, ಚುರ್ ಅನ್ನುವ ಸದ್ದು ನಿಧಾನಕ್ಕೆ ಪಟಪಟ ಆಗುತ್ತದೆ, ಆಗ ಸೌಟಿನಲ್ಲಿ ತಳ್ಳಿದರೆ ತಾನೇ ಬಿಡುತ್ತದೆ. ತಳ ಶೇಂಗಾ ಹುರಿದ ಬಣ್ಣ ಆಗಿದ್ದರೆ ತಿರುವಿ ಹಾಕಿ. ಎಲ್ಲಾ ಆದ ಮೇಲೆ ಅದೇ ಹಂಚಿನಲ್ಲಿ, ಇಲ್ಲಾ ಬಾಣಲೆಯಲ್ಲಿ, ಮೂರು ಉಳ್ಳಾಗಡ್ಡಿ ಕೆಂಪಗೆ ಹುರಿದು, ಶುಂಠಿ, ಒಂದು ಗಡ್ಡೆ ಬಳ್ಳೊಳ್ಳಿ ಜಜ್ಜಿ ಹಾಕಿ, ರುಬ್ಬಿದ ಮಸಾಲೆ ಸೇರಿಸಿ ಎಣ್ಣೆ ಬಿಡುವ ತನಕ ಬಾಡಿಸಿ. ಒಂದು ಕಪ್ಪು ಬಿಸಿನೀರು ಹಾಕಿ, ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು, ಕುದಿ ಬಂದ ಮೇಲೆಯೇ ಸ್ಲೋ ಕುಕ್ಕರಿಗೆ ಸುರಿಯಿರಿ. ಪಿಂಗಾಣಿ ಬಟ್ಟಲು ಫ್ರಿಜ್ಜಿನಿಂದ ತೆಗೆದದ್ದಾಗಿರಬಾರದು, ತಣ್ಣನೆಯದಕ್ಕೆ ಕುದಿಯುವ ನೀರು ಬಿದ್ದರೆ ಬಿರಿಯುತ್ತದೆ. ನಲ್ಲಿ ಎಲುಬು ಕೆಳಗೆ, ಮಾಂಸ ಮೇಲೆ.

ಮೊದಲ ಒಂದು ತಾಸು ಹೈ, ಆಮೇಲೆ ಲೋ ಮೇಲೆ ಒಂಬತ್ತು-ಹತ್ತು ತಾಸು. ಆಫೀಸು ಮುಗಿಸಿ ಬರುವ ಹೊತ್ತಿಗೆ ಸರಿಹೋಗುತ್ತದೆ. ಬೆಳಗ್ಗೆ ಎದ್ದು ಒಂದು ತಾಸು ಹೈ ಇಡಲು ಆಗದವರು ಪೂರ್ತಿ ಹೈ ಮೇಲೆ ಆರೇಳು ತಾಸು ರಜೆಯ ದಿನ ಮಾಡಲಿ. ನಡುವೆ ಮುಚ್ಚಳ ತೆಗೆಯಬೇಡಿ, ತೆಗೆದಾಗಲೆಲ್ಲ ಅಡುಗೆ ಇಪ್ಪತ್ತು ನಿಮಿಷ ಹಿಂದೆ ಹೋಗುತ್ತದೆ. ಕೊನೆಗೆ ಚಮಚದ ಹಿಂಬದಿಯಲ್ಲಿ ಒತ್ತಿದರೆ ತುಂಡು ಬಿಚ್ಚಿಕೊಳ್ಳಬೇಕು. ಸಾರು ತೆಳ್ಳಗಿದೆ ಅನಿಸಿದರೆ ಸಾರಷ್ಟನ್ನೇ ಬಸಿದು ಗ್ಯಾಸ್ ಮೇಲೆ ಹತ್ತು ನಿಮಿಷ ಕುದಿಸಿ ಇಳಿಸಿ. ಗರಂ ಮಸಾಲೆ, ಕೊತಂಬರಿ ಸೊಪ್ಪು, ಲಿಂಬೆ ರಸ ಎಲ್ಲಾ ಕೊನೆಗೆ. ಹತ್ತು ತಾಸು ಬೆಂದ ಮಸಾಲೆಯ ವಾಸನೆ ಮಂಕಾಗಿರುತ್ತದೆ, ಕೊನೆಯಲ್ಲಿ ಒಂದು ಚಿಟಿಕೆ ಬಿದ್ದರೆ ಮತ್ತೆ ಏಳುತ್ತದೆ. ಮೊಸರು ಹಾಕುವ ಅಭ್ಯಾಸ ಇದ್ದರೆ ಅದೂ ಕೊನೆಗೇ, ಮೊದಲೇ ಹಾಕಿದರೆ ಒಡೆದು ಕಾಳು ಕಾಳಾಗುತ್ತದೆ.

ಇದನ್ನೇ ಪುಂಡಿಪಲ್ಲೆ ಹಾಕಿ ಮಾಡಿದರೆ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಜೋಡಿ. ಪುಂಡಿಸೊಪ್ಪು ಬೇರೆ ಕುದಿಸಿ, ಮಸೆದು, ಕೊನೆಯ ಒಂದು ತಾಸಿಗೆ ಸೇರಿಸಿ. ಮೊದಲೇ ಹಾಕಿದರೆ ಬಣ್ಣವೂ ಹೋಗುತ್ತದೆ, ಹುಳಿಯೂ ಮೊಂಡಾಗುತ್ತದೆ. ದಾಲ್ಚಾ ಮಾಡುವವರು ಕಡಲೆಬೇಳೆ ನೆನೆಸಿ ಹಾಕಿ, ಆದರೆ ಹುಣಸೆಹುಳಿ ಬೇಳೆ ಮೆತ್ತಗಾದ ಮೇಲೆಯೇ, ಹುಳಿ ಬಿದ್ದರೆ ಬೇಳೆ ಮುಂದೆ ಬೇಯುವುದಿಲ್ಲ. ರಾಜ್ಮಾ ಮಾತ್ರ ಹಸಿಯಾಗಿ ಈ ಪಾತ್ರೆಗೆ ಹಾಕಲೇಬೇಡಿ. ಅದರಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇದೆ, ನೆನೆಸಿ ಬೇರೆ ನೀರಿನಲ್ಲಿ ಹತ್ತು ನಿಮಿಷ ಕೊತಕೊತ ಕುದಿಸಿದರೆ ಮಾತ್ರ ಹೋಗುತ್ತದೆ, ಸ್ಲೋ ಕುಕ್ಕರಿನ ಮೆಲ್ಲನೆಯ ಬಿಸಿಗೆ ಹೋಗುವುದಿಲ್ಲ.

ನಿಮ್ಮ ಅತ್ತೆಯ ಮಾತಿಗೆ ಬರುತ್ತೇನೆ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಪ್ರೆಶರ್ ಕುಕ್ಕರಿನೊಳಗೆ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಹತ್ತು ತಾಸಿನ ಕೆಲಸ ಮುಕ್ಕಾಲು-ಒಂದು ತಾಸಿನಲ್ಲಿ ಮುಗಿಯುತ್ತದೆ. ನಾಳೆ ಬೀಗರು ಬರುತ್ತಾರೆ ಅಂದರೆ ನಾನೂ ಕುಕ್ಕರೇ ಇಡುವುದು. ಆದರೆ ಸೀಟಿ ಎಣಿಸಿ ಮಾಡಿದ ಮಾಂಸ ಒಂದು ಸೀಟಿ ಕಡಿಮೆಯಾದರೆ ರಬ್ಬರು, ಎರಡು ಜಾಸ್ತಿಯಾದರೆ ನಾರು. ಸ್ಲೋ ಕುಕ್ಕರಿನಲ್ಲಿ ಅರ್ಧ ತಾಸು ಆಚೀಚೆ ಆದರೂ ಅದು ಕ್ಷಮಿಸುತ್ತದೆ, ತುಂಡು ಆಕಾರ ಬಿಡುವುದಿಲ್ಲ, ನೀವು ಮನೆಯಲ್ಲಿ ಇರಬೇಕಾಗಿಯೂ ಇಲ್ಲ. ಖರ್ಚಿನ ಚಿಂತೆ ಇದ್ದರೆ, 200 ವ್ಯಾಟಿಗೆ ಎಂಟು ತಾಸು ಅಂದರೆ ಹೆಚ್ಚೆಂದರೆ 1.6 ಯೂನಿಟ್.

ಅತ್ತೆಗೆ ಇನ್ನೊಂದು ವಿಷಯ ಹೇಳಿ, ಖುಷಿಪಡುತ್ತಾರೆ. ಇದು ಹೊಸ ಯಂತ್ರ, ಹಳೇ ಬುದ್ಧಿ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಅನ್ನುವವರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರ ತಾಯಿಯ ಕಡೆಯವರು ಲಿಥುವೇನಿಯಾದ ಯಹೂದಿಗಳು. ಶನಿವಾರ ಅವರು ಒಲೆ ಹಚ್ಚುವಂತಿಲ್ಲ, ಹಾಗಾಗಿ ಶುಕ್ರವಾರ ಸಂಜೆಯೇ ಮಾಂಸ, ಕಾಳು ತುಂಬಿದ ಗಡಿಗೆಯನ್ನು ಊರ ಬೇಕರಿಯ ಒಲೆಯಲ್ಲಿಟ್ಟು ಬರುತ್ತಿದ್ದರು, ಆರುತ್ತಿದ್ದ ಒಲೆಯ ಬಿಸಿಯಲ್ಲೇ ರಾತ್ರಿಯೆಲ್ಲಾ ಬೇಯುತ್ತಿತ್ತು. ಆ ಕಥೆ ಕೇಳಿಯೇ ನ್ಯಾಕ್ಸನ್‌ಗೆ ಈ ಪಾತ್ರೆ ಹೊಳೆದಿದ್ದು. 1971ರಲ್ಲಿ ರೈವಲ್ ಕಂಪನಿ ಕ್ರಾಕ್-ಪಾಟ್ ಅಂತ ಹೆಸರಿಟ್ಟು ಮಾರಿದ ಮೇಲೆ ಮನೆ ಮನೆಗೆ ಹೋಯಿತು. ನಮ್ಮಲ್ಲಿ ರಾತ್ರಿಯಿಡೀ ಬೇಯಿಸಿ ಬೆಳಗ್ಗೆ ತಿನ್ನುವ ನಿಹಾರಿ ಇಲ್ಲವಾ, ಆ ಹೆಸರು ಬಂದಿದ್ದೇ ಹಗಲು ಅನ್ನುವ ಅರ್ಥದ ಅರಬ್ಬಿ ಮಾತಿನಿಂದ. ಹಳ್ಳಿಯಲ್ಲಿ ಕುಳ್ಳಿನ ಬೆಂಕಿ ಮೇಲೆ ಹಾಲಿನ ಗಡಿಗೆ ಇಟ್ಟು, ಸಂಜೆ ಹೊತ್ತಿಗೆ ರೊಟ್ಟಿಯಷ್ಟು ದಪ್ಪ ಕೆನೆ ತೆಗೆಯುತ್ತಿದ್ದರಲ್ಲ, ಅದೂ ಇದೇ.

ಕುಳ್ಳಿಗೆ ಇರುವ ಒಂದು ಗುಣ ಮಾತ್ರ ಈ ಪಾತ್ರೆಗೆ ಇಲ್ಲ, ಕರೆಂಟ್ ಹೋದರೆ ಇದು ನಿಲ್ಲುತ್ತದೆ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. 5ರಿಂದ 60 ಡಿಗ್ರಿ ನಡುವೆ ಮಾಂಸ ಬಹಳ ಹೊತ್ತು ಇದ್ದರೆ ರೋಗಾಣು ಬೆಳೆಯುತ್ತವೆ, ಕೆಲವು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮನೆಯಲ್ಲಿ ಇದ್ದಾಗ ಕರೆಂಟ್ ಹೋದರೆ ತಕ್ಷಣ ಬೋಗುಣಿಗೆ ಸುರಿದು ಗ್ಯಾಸ್ ಮೇಲೆ ಮುಗಿಸಿ. ಪೂರ್ತಿ ಬೆಂದ ಮೇಲೆ ಹೋದರೆ ಎರಡು ತಾಸಿನ ಒಳಗೆ ಊಟ ಮಾಡಿ, ಇಲ್ಲಾ ಫ್ರಿಜ್ಜಿಗೆ ಇಡಿ. ನೀವು ಕೆಲಸದಲ್ಲಿದ್ದಾಗ ಹೋಗಿ ಬಂದಿದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ ಅಂದರೆ ಚೆಲ್ಲಿಬಿಡಿ. ಹೊಟ್ಟೆ ಉರಿಯುತ್ತದೆ, ನನಗೂ ಉರಿದಿದೆ, ಒಂದು ಸಲ ಒಂದೂವರೆ ಕಿಲೋ ಚೆಲ್ಲಿದ್ದೇನೆ. ಕರೆಂಟ್ ಹೋಗಿದ್ದು ತಿಳಿಯಲು ಹೊರಗೆ ಹೋಗುವಾಗ ಹಳೇ ಮಾದರಿಯ ಪ್ಲಗ್ ಹಾಕುವ ಗಡಿಯಾರ ಒಂದನ್ನು ಪಕ್ಕದ ಸಾಕೆಟ್ಟಿಗೆ ಹಾಕಿಡಿ, ಬಂದಾಗ ಎಷ್ಟು ಹಿಂದೆ ಬಿದ್ದಿದೆ ನೋಡಿದರೆ ಆಯಿತು. ಇದೇ ಕಾರಣಕ್ಕೆ ಫ್ರೀಜರಿನ ಕಲ್ಲಿನಂಥ ಮಾಂಸವನ್ನು ನೇರ ಹಾಕಬಾರದು, ಫ್ರಿಜ್ಜಿನಲ್ಲಿ ರಾತ್ರಿಯೇ ಕರಗಿಸಿ. ನಿಮ್ಮ ಹಾಗೆ ದಿನವೂ ಕೆಲಸಕ್ಕೆ ಹೋಗುವವರಾದರೆ ನನ್ನ ಸಲಹೆ ಇಷ್ಟು: ಮೊದಲ ಎರಡು-ಮೂರು ಸಲ ಭಾನುವಾರ ಮಾಡಿ, ನಿಮ್ಮ ಪಾತ್ರೆಯ ಸ್ವಭಾವ ತಿಳಿದುಕೊಳ್ಳಿ.

ಇನ್ನೊಂದು, ಮಾಡಿದ ದಿನವೇ ತಿನ್ನಬೇಡಿ ಅಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ಅದಕ್ಕೆ ಅರ್ಧವಾದರೂ ಎತ್ತಿಡಿ. ಅಗಲ ಪಾತ್ರೆಗೆ ಸುರಿದು ಬೇಗ ಆರಿಸಿ ಫ್ರಿಜ್ಜಿಗೆ ಇಟ್ಟು, ಬೆಳಗ್ಗೆ ತೆಗೆದು ಡಬ್ಬಿ ಅಲುಗಾಡಿಸಿ ನೋಡಿ. ಮೇಲೆ ಬಿಳಿ ಕೊಬ್ಬಿನ ಹಾಳೆ, ಅದರ ಕೆಳಗೆ ಸಾರು ಜೆಲ್ಲಿಯ ಹಾಗೆ ಒಟ್ಟಿಗೆ ನಡುಗಿದರೆ ನೀವು ಸರಿಯಾದ ತುಂಡು ತಂದಿದ್ದೀರಿ, ಸರಿಯಾದ ಹೊತ್ತು ಬೇಯಿಸಿದ್ದೀರಿ. ನೀರು ನೀರಾಗಿಯೇ ಇದ್ದರೆ ಮುಂದಿನ ವಾರ ಅಂಗಡಿಯಲ್ಲಿ ಇನ್ನಷ್ಟು ನರ ಇರುವುದನ್ನು ಕೇಳಿ. ಆ ಕೊಬ್ಬನ್ನು ಎಸೆಯಬೇಡಿ, ಮರುದಿನ ಉಳ್ಳಾಗಡ್ಡಿ ಹುರಿಯಲು ಅದೇ ಸಾಕು.